ಎಸ್ಪ್ರೆಸೊ ಕೈಗೆ ಹತ್ತಬೇಕೇ? ಎಗ್ಮೋರ್ ಕನ್ನಡಿಗರಿಗೆ ಕೆಲವು ಸೂತ್ರಗಳು

ಮನೆಗೆ ಮಶೀನು ಬಂದಾಯಿತು, ಗ್ರೈಂಡರ್ ಬಂದಾಯಿತು, ರಾತ್ರಿ ಕೂತು ವಿಡಿಯೊಗಳನ್ನೆಲ್ಲ ನೋಡಿದ್ದೂ ಆಯಿತು. ಆದರೂ ಬೆಳಗ್ಗೆ ಕಪ್ಪಿಗೆ ಇಳಿಯುವುದು ಒಂದು ದಿನ ಹುಳಿ, ಮರುದಿನ ಕಹಿ. ನನಗೆ ಪರಿಚಯವಿರುವ ಮನೆ ಎಸ್ಪ್ರೆಸೊ ಪ್ರಿಯರಲ್ಲಿ ಹೆಚ್ಚಿನವರ ಅಳಲು ಇದೇ. ವಿಡಿಯೊ ಕಣ್ಣಿಗೆ ಕಲಿಸುತ್ತದೆ, ನಾಲಗೆಗೆ ಕಲಿಸುವುದಿಲ್ಲ. ತಿಳಿದವರೊಬ್ಬರು ಪಕ್ಕದಲ್ಲಿ ನಿಂತು, ನೀವು ಎಳೆದ ಶಾಟನ್ನೇ ತಾವೂ ಒಂದು ಗುಟುಕು ಕುಡಿದು, “ಹುಳಿ ಇದೆ, ಇನ್ನೂ ಸಣ್ಣಗೆ ಬೀಸಿ” ಎಂದರೆ ತಿಂಗಳುಗಟ್ಟಲೆ ಬಿಡದ ಗಂಟು ಒಂದು ಮಧ್ಯಾಹ್ನದಲ್ಲಿ ಬಿಡುತ್ತದೆ. ಅಂಥ ಪಾಠವನ್ನು ಚೆನ್ನೈನ ಎಗ್ಮೋರ್‌ನಲ್ಲಿ ಇದ್ದುಕೊಂಡು ಹೇಗೆ ಹುಡುಕುವುದು, ಸಿಕ್ಕ ಮೇಲೆ ಪೂರ್ತಿ ಪ್ರಯೋಜನ ಹೇಗೆ ಪಡೆಯುವುದು ಎಂಬುದು ಇಲ್ಲಿದೆ.

1. ಏನು ಕಲಿಯಬೇಕು ಎಂಬುದನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ

ಬರಿಸ್ತಾ ತರಬೇತಿ ಎಂಬ ಹೆಸರಿನಲ್ಲಿ ನಡೆಯುವ ಬಹುಪಾಲು ಕೋರ್ಸುಗಳು ಕೆಫೆಯಲ್ಲಿ ಕೆಲಸಕ್ಕೆ ಸೇರುವವರಿಗೆ. ಅಲ್ಲಿ ಬಿಲ್ಲಿಂಗ್, ಗಿರಾಕಿಗಳ ಜೊತೆ ಮಾತು, ಒಂದೇ ಹೊತ್ತಿಗೆ ಹತ್ತು ಆರ್ಡರ್ ನಿಭಾಯಿಸುವುದು ಎಲ್ಲ ಇರುತ್ತದೆ. ದಿನಕ್ಕೆ ಎರಡು ಕಪ್ ಮಾಡಿಕೊಳ್ಳುವ ನಿಮಗೆ ಅದು ಬೇಡ. “ನನ್ನ ಮನೆಯ ಮಶೀನಿನಲ್ಲಿ ಪ್ರತಿದಿನ ಒಂದೇ ರುಚಿ ಬರಬೇಕು” ಎಂದೋ, “ಹಾಲಿನ ನೊರೆ ಸರಿಯಾಗಬೇಕು” ಎಂದೋ ಒಂದೇ ಗುರಿ ಹಿಡಿದು ಹೊರಡಿ. ಕಲಿಸುವವರಿಗೂ ಅದು ಅನುಕೂಲ.

2. ಮಶೀನಿಗಿಂತ ಮೊದಲು ಪಾಠಕ್ಕೆ ದುಡ್ಡು ಹಾಕಿ

ಇನ್ನೂ ಮಶೀನು ಕೊಂಡಿಲ್ಲವಾದರೆ ನೀವು ಪುಣ್ಯವಂತರು. ಒಂದು ಪಾಠವಾದ ಮೇಲೆ ಕೊಳ್ಳಿ. ಮನೆ ಮಶೀನುಗಳಲ್ಲಿ ಅಗ್ಗದವುಗಳ ಜೊತೆ ಸಾಮಾನ್ಯವಾಗಿ, ಪುಡಿ ತುಂಬುವ ಬ್ಯಾಸ್ಕೆಟ್ ಎರಡು ಗೋಡೆಯದು ಬರುತ್ತದೆ. ತಳದಲ್ಲಿರುವ ಒಂದೇ ಸಣ್ಣ ತೂತಿನಿಂದ ಕಾಫಿ ಚಿಮ್ಮುವುದರಿಂದ, ಪುಡಿ ಹೇಗೇ ಇದ್ದರೂ ಮೇಲೆ ನೊರೆ ಕಾಣುತ್ತದೆ. ಆ ನೊರೆ ನೋಡಿ ಶಾಟ್ ಚೆನ್ನಾಗಿದೆ ಎಂದುಕೊಂಡರೆ ಕಲಿಕೆ ಅಲ್ಲೇ ನಿಂತಿತು. ಬ್ಯಾಸ್ಕೆಟ್ಟಿನ ಅಳತೆಯೂ ಬೇರೆ ಬೇರೆ: ಡೆಲೊಂಗಿ ಡೆಡಿಕಾದಲ್ಲಿ 51 ಮಿಲಿಮೀಟರ್, ಗಾಜಿಯಾ ಕ್ಲಾಸಿಕ್‌ನಲ್ಲಿ ಮತ್ತು ಬಹುತೇಕ ಕೆಫೆ ಮಶೀನುಗಳಲ್ಲಿ 58. ಕೆಫೆಯಲ್ಲಿ ಕಲಿತ ಅಳತೆ ಮನೆಗೆ ಹಾಗೆಯೇ ಹೊಂದದಿರುವುದಕ್ಕೆ ಇದೂ ಒಂದು ಕಾರಣ. ಬಜೆಟ್ ಬಿಗಿಯಾಗಿದ್ದರೆ ಮಶೀನಿನಲ್ಲಿ ಉಳಿಸಿ ಗ್ರೈಂಡರ್‌ಗೆ ಹಾಕಿ. ಈ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ.

3. ಎಗ್ಮೋರ್‌ನಿಂದ ಹೊರಗೂ ಕಣ್ಣು ಹಾಯಿಸಿ

ಎಗ್ಮೋರ್ ಫಿಲ್ಟರ್ ಕಾಫಿಯ ಊರು. 1908ರಲ್ಲಿ ಕಟ್ಟಿದ ರೈಲು ನಿಲ್ದಾಣದ ಸುತ್ತ ಲಾಡ್ಜು, ಸಸ್ಯಾಹಾರಿ ಹೋಟೆಲುಗಳೇ ಹೆಚ್ಚು. ಹಾಲ್ಸ್ ರೋಡಿನ ಮತ್ಸ್ಯ, ಪೂನಮಲ್ಲಿ ಹೈರೋಡಿನಲ್ಲಿ ಒಂದು ಕಾಲಕ್ಕೆ ಮೆರೆದ ದಾಸಪ್ರಕಾಶ್, ರಾಯಪೇಟೆಯಲ್ಲಿ ಕೆ. ಕೃಷ್ಣರಾಯರು 1938ರಲ್ಲಿ ಆರಂಭಿಸಿದ ವುಡ್‌ಲ್ಯಾಂಡ್ಸ್: ಈ ಊರಿನ ಕಾಫಿ ರುಚಿಯನ್ನು ತಿದ್ದಿದವರಲ್ಲಿ ಉಡುಪಿ ಕಡೆಯ ನಮ್ಮವರ ಪಾಲು ದೊಡ್ಡದು. ಎಸ್ಪ್ರೆಸೊ ಕಲಿಸುವ ಜಾಗಗಳು ಮಾತ್ರ ಇಲ್ಲಿಂದ ಸ್ವಲ್ಪ ಆಚೆ. ನುಂಗಂಬಾಕ್ಕಂನ ಖಾದರ್ ನವಾಜ್ ಖಾನ್ ರಸ್ತೆಯ ಸುತ್ತಮುತ್ತ ಒಳ್ಳೆಯ ಕೆಫೆಗಳಿವೆ, ಆಟೋದಲ್ಲಿ ಹತ್ತಿರ. ಅಣ್ಣಾನಗರಕ್ಕೆ ಎಗ್ಮೋರ್‌ನಿಂದ ನೇರ ಮೆಟ್ರೊ ಇದೆ, ಹಸಿರು ಮಾರ್ಗ. ಬೀಚ್‌ವಿಲ್‌ನಂಥ ಚೆನ್ನೈನದೇ ರೋಸ್ಟರ್‌ಗಳು, ಬ್ಲೂ ಟೋಕಾಯ್‌ನಂಥ ಸರಣಿ ಕೆಫೆಗಳು ಮೊದಲು ವಿಚಾರಿಸಬೇಕಾದವು. ಬೀಜ ಹುರಿಯುವವರಲ್ಲೇ ಮೊದಲು ಕೇಳಿ ಎನ್ನುತ್ತೇನೆ. ಕೊಂಡ ಬೀಜದಲ್ಲಿ ನೀವು ಚೆನ್ನಾಗಿ ಕಾಫಿ ಮಾಡಿದರೆ ಮತ್ತೆ ಅವರಲ್ಲಿಗೇ ಬರುತ್ತೀರಿ, ಹಾಗಾಗಿ ಕಲಿಸಲು ಅವರಿಗೂ ಮನಸ್ಸಿರುತ್ತದೆ.

ಒಂದು ಎಚ್ಚರಿಕೆ. ಛತ್ರದ ಮದುವೆಗಳಲ್ಲಿ ಉಗಿ ಬಿಡುವ ಮಶೀನಿನಿಂದ ಇನ್‌ಸ್ಟಂಟ್ ಪುಡಿ, ಹಾಲು, ಮೇಲೆ ಚಾಕೊಲೇಟ್ ಪುಡಿ ಹಾಕಿ ಕೊಡುತ್ತಾರಲ್ಲ, ಅದರ ತರಬೇತಿಯನ್ನೂ ಎಸ್ಪ್ರೆಸೊ ತರಬೇತಿ ಎಂದೇ ಹೇಳುವವರಿದ್ದಾರೆ. ಗ್ರೈಂಡರ್ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಮುಂದಕ್ಕೆ ಹೋಗಿ.

4. ಹೋಗುವ ಹೊತ್ತು ನೋಡಿಕೊಳ್ಳಿ

ಶನಿವಾರ ಸಂಜೆ ಕೆಫೆಗೆ ಹೋಗಿ “ಸ್ವಲ್ಪ ಹೇಳಿಕೊಡಿ” ಎಂದರೆ ಯಾರೂ ತಲೆಯೆತ್ತಲಾರರು. ವಾರದ ದಿನ, ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ ಹೋಗಿ. ಕೌಂಟರ್ ಬಳಿಯ ಸ್ಟೂಲಿನಲ್ಲಿ ಕುಳಿತು ಎಸ್ಪ್ರೆಸೊವನ್ನೇ ತರಿಸಿ, ಸಕ್ಕರೆಯಿಲ್ಲದೆ ಕುಡಿಯಿರಿ. ಬೆಳಗ್ಗೆಯಿಂದ ಗ್ರೈಂಡರ್ ಎಷ್ಟು ಸಲ ತಿದ್ದಬೇಕಾಯಿತು ಎಂದು ಬರಿಸ್ತಾ ಅಣ್ಣನನ್ನೋ ಅಕ್ಕನನ್ನೋ ವಿಚಾರಿಸಿ. ಈ ಪ್ರಶ್ನೆಗೆ ಮುಖ ಅರಳಿಸಿ ಉತ್ತರ ಕೊಡುವವರ ಬಳಿ ಕಲಿಯಿರಿ. ಚೆನ್ನೈನ ತೇವದ ಗಾಳಿಯಲ್ಲಿ ದಿನಕ್ಕೆ ಒಂದು ಸಲವೂ ಗ್ರೈಂಡ್ ತಿದ್ದದ ಕೆಫೆಯ ಕಾಫಿ ನನಗೆ ಹಿಡಿಸಿದ್ದಿಲ್ಲ.

5. ಫೋನಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಕೈಯಲ್ಲಿ ಎಷ್ಟು ಶಾಟ್?

ಫೀಸು, ಅವಧಿ, ಸರ್ಟಿಫಿಕೇಟು ಎಲ್ಲ ಆಮೇಲೆ. ಒಂದು ಮಶೀನಿಗೆ ಎಷ್ಟು ಜನ, ಪ್ರತಿಯೊಬ್ಬರೂ ಸ್ವತಃ ಬೀಸಿ, ತೂಗಿ, ಒತ್ತಿ ಎಳೆಯುವ ಶಾಟ್ ಎಷ್ಟು ಎಂದು ಕೇಳಿ. ಮೂರು ಗಂಟೆಯ ತರಗತಿಯಲ್ಲಿ ಮೂರು ನಾಲ್ಕು ಜನರಿದ್ದರೆ ಎಲ್ಲರ ಕೈಗೂ ಕೆಲಸ ಸಿಗುತ್ತದೆ. ಹತ್ತು ಜನರನ್ನು ಸುತ್ತ ನಿಲ್ಲಿಸಿ ತಾವೇ ಮಾಡಿ ತೋರಿಸುವುದಾದರೆ ಅದು ಪ್ರದರ್ಶನ, ಅದಕ್ಕೆ ವಿಡಿಯೊ ಸಾಕು. ಇಬ್ಬರು ಸ್ನೇಹಿತರನ್ನು ಕೂಡಿಸಿಕೊಂಡು “ನಮ್ಮ ಮೂವರಿಗೇ ಒಂದು ತರಗತಿ ಮಾಡುತ್ತೀರಾ?” ಎಂದು ಕೇಳುವುದು ಒಳ್ಳೆಯ ಉಪಾಯ. ಹಂಚಿಕೊಂಡರೆ ಫೀಸೂ ಹಗುರ.

ಎರಡನೇ ಪ್ರಶ್ನೆ ಬೇಕೇಬೇಕೆಂದರೆ, “ಕೆಟ್ಟ ಶಾಟನ್ನೂ ಕುಡಿಸುತ್ತೀರಾ?” ಎಂದು ಕೇಳಿ. ಒಳ್ಳೆಯ ಗುರು ಹೌದು ಎನ್ನುತ್ತಾರೆ.

6. ಒಂದು ಶಾಟನ್ನು ತುಂಡು ಮಾಡಿ ಕುಡಿಯಿರಿ

ತರಗತಿಯಲ್ಲಿ ಬೇರೇನೂ ಆಗದಿದ್ದರೂ ಈ ಒಂದು ಅಭ್ಯಾಸವನ್ನು ಮಾಡಿಸಿಕೊಳ್ಳಿ. 18 ಗ್ರಾಂ ಪುಡಿ ಹಾಕಿ, ಸಮನಾಗಿ ಹರಡಿ, ಒತ್ತಿ, ಮಶೀನಿಗೆ ಸಿಕ್ಕಿಸಿ. ಕೆಳಗೆ ನಾಲ್ಕು ಪುಟ್ಟ ಲೋಟ ಸಾಲಾಗಿ ಇಟ್ಟುಕೊಳ್ಳಿ. ಬಟನ್ ಒತ್ತಿದ ಮೇಲೆ ಕೆಲವು ಸೆಕೆಂಡು ಏನೂ ಕಾಣುವುದಿಲ್ಲ, ಆಮೇಲೆ ಕಡುಕಂದು ಹನಿಗಳು. ಹತ್ತು ಗ್ರಾಂನಷ್ಟು ಇಳಿದ ಕೂಡಲೇ ಲೋಟ ಬದಲಿಸಿ. ಹೀಗೆ ನಾಲ್ಕನೆಯದರವರೆಗೆ.

ಈಗ ಕ್ರಮವಾಗಿ ಕುಡಿಯಿರಿ. ಮೊದಲನೆಯದು ದಪ್ಪ, ಉಪ್ಪುಪ್ಪು, ಮುಖ ಕಿವಿಚುವಷ್ಟು ಹುಳಿ. ಎರಡನೆಯದರಲ್ಲಿ ಸಿಹಿ ಕಾಣಿಸಿಕೊಳ್ಳುತ್ತದೆ. ಮೂರನೆಯದು ತೆಳು. ನಾಲ್ಕನೆಯದರಲ್ಲಿ ಉಳಿದಿರುವುದು ಬಣ್ಣದ ನೀರು ಮತ್ತು ಕಹಿ. ಕೊನೆಗೆ ಮೊದಲ ಮೂರನ್ನು ಒಂದೇ ಲೋಟಕ್ಕೆ ಸುರಿದು ಕುಡಿಯಿರಿ. ಬಿಡಿಬಿಡಿಯಾಗಿ ಒಂದೂ ಹಿಡಿಸದಿದ್ದದ್ದು ಒಟ್ಟಾದಾಗ ಕಾಫಿಯಾಗಿರುತ್ತದೆ. ನಾಲ್ಕನೆಯದನ್ನೂ ಸೇರಿಸಿ ನೋಡಿ, ರುಚಿ ಎಲ್ಲಿ ಸೋಲುತ್ತದೆ ಎಂದು ಗೊತ್ತಾಗುತ್ತದೆ. 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡು ಎಂದು ಎಲ್ಲರೂ ಹೇಳುವ ಲೆಕ್ಕ ಎಲ್ಲಿಂದ ಬಂತು ಎಂಬುದು ಆ ಕ್ಷಣಕ್ಕೆ ನಾಲಗೆಗೆ ತಿಳಿಯುತ್ತದೆ. ಪುಸ್ತಕ ಓದಿ ಇದು ಬರುವುದಿಲ್ಲ.

7. ಒಂದು ಸಲಕ್ಕೆ ಒಂದನ್ನೇ ಬದಲಿಸಿ

ಪುಡಿಯ ತೂಕ ಹಾಗೇ ಇರಲಿ, ಇಳಿಸುವ ಕಾಫಿಯ ತೂಕವೂ ಹಾಗೇ ಇರಲಿ. ಹುಳಿ ಹೆಚ್ಚಾಗಿ ಶಾಟ್ ಸರ್ರನೆ ಇಳಿದರೆ ಸಣ್ಣಗೆ ಬೀಸಿ. ಕಹಿಯಾಗಿ, ತೊಟ್ಟು ತೊಟ್ಟಾಗಿ ಇಳಿದರೆ ತುಸು ದಪ್ಪಗೆ. ಗ್ರೈಂಡ್ ಬದಲಿಸಿದ ಮೇಲೆ ಒಳಗೆ ಉಳಿದ ಹಳೆಯ ಪುಡಿಯನ್ನು ಸ್ವಲ್ಪ ಬೀಸಿ ಹೊರಹಾಕುವುದನ್ನು ಮರೆಯಬೇಡಿ. ಶಾಟ್ ಇಳಿಯುವಾಗ ಒಂದು ಕಡೆ ಮಾತ್ರ ಬಿಳಿಚಿಕೊಂಡು ಚಿಮ್ಮಿದರೆ ಪುಡಿಯೊಳಗೆ ನೀರು ತನ್ನದೇ ದಾರಿ ಮಾಡಿಕೊಂಡಿದೆ ಎಂದು ಅರ್ಥ. ಆಗ ಗ್ರೈಂಡರ್ ಮುಟ್ಟಬೇಡಿ, ಪುಡಿ ಹರಡುವ ಕೈಯನ್ನು ತಿದ್ದಿಕೊಳ್ಳಿ. ತೆಳ್ಳನೆಯ ಸೂಜಿಗಳಿಂದ ಪುಡಿಯ ಗಂಟು ಬಿಡಿಸುವ ಕ್ರಮವನ್ನು 2005ರಲ್ಲಿ ಜಾನ್ ವೈಸ್ ಎಂಬ ಮನೆ ಕಾಫಿ ಪ್ರಿಯರೊಬ್ಬರು ಹೇಳಿಕೊಟ್ಟರು. ಈಗ ದೊಡ್ಡ ದೊಡ್ಡ ಸ್ಪರ್ಧೆಗಳಲ್ಲೂ ಅದನ್ನು ಬಳಸುತ್ತಾರೆ. ಮನೆಯವರು ಕಂಡುಕೊಂಡದ್ದನ್ನು ವೃತ್ತಿಯವರು ಒಪ್ಪಿಕೊಂಡ ಈ ಸಂಗತಿ ನನಗೆ ತುಂಬ ಪ್ರೀತಿಯದು.

8. ಫಿಲ್ಟರ್ ಪುಡಿಯನ್ನು ಮಶೀನಿಗೆ ಹಾಕಬೇಡಿ

ನಮ್ಮ ಮನೆಗಳಲ್ಲಿ ಮೊದಲು ಹೊಳೆಯುವುದೇ ಇದು: ಡಬ್ಬದಲ್ಲಿ ಪುಡಿ ಇದೆಯಲ್ಲ! ಬೇಡ. ಅಂಗಡಿಯವರು ಫಿಲ್ಟರಿಗೆಂದು ಬೀಸಿದ ಪುಡಿ ಎಸ್ಪ್ರೆಸೊಗೆ ಬೇಕಾದಷ್ಟು ಸಣ್ಣಗಿರುವುದಿಲ್ಲ. ಜೊತೆಗೆ ಚಿಕೋರಿ. 80:20, 70:30 ಎಂದು ಕೇಳಿ ತರುತ್ತೇವೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡ 51ಕ್ಕಿಂತ ಕಡಿಮೆಯಿರಬಾರದು ಎಂಬುದು ಆಹಾರ ನಿಯಮ. ಫಿಲ್ಟರಿನಲ್ಲಿ ನಿಧಾನವಾಗಿ ಹನಿಯುವ ಬಿಸಿನೀರಿಗೆ ಚಿಕೋರಿ ಬಣ್ಣವನ್ನೂ ದಪ್ಪವನ್ನೂ ಕೊಡುತ್ತದೆ. ಸುಮಾರು 9 ಬಾರ್ ಒತ್ತಡದಲ್ಲಿ ನೀರು ನುಗ್ಗುವ ಕಡೆ ಅದು ಅಂಟಂಟಾಗಿ ಬ್ಯಾಸ್ಕೆಟ್ಟಿನ ತೂತು ಮುಚ್ಚುತ್ತದೆ. ಡಿಕಾಕ್ಷನ್ನಿಗೆ ಅದರದೇ ಜಾಗವಿದೆ, ಬೆಳಗಿನ ಮೊದಲ ಲೋಟ ನನಗೆ ಇಂದಿಗೂ ಅದೇ. ಎರಡನ್ನೂ ಬೆರೆಸಬೇಡಿ, ಅಷ್ಟೆ.

9. ಅಭ್ಯಾಸಕ್ಕೆ ನಮ್ಮ ಬೀಜ, ಅದರಲ್ಲೂ ರೊಬಸ್ಟಾ

ಎಸ್ಪ್ರೆಸೊ ಎಂದರೆ ಇಟಲಿ ಎನ್ನುತ್ತೇವೆ. ಆ ಇಟಲಿಯೇ ಬಹುಕಾಲದಿಂದ ಭಾರತದ ಕಾಫಿಯ ದೊಡ್ಡ ಗಿರಾಕಿ. ಅಲ್ಲಿನ ಮಿಶ್ರಣಗಳಲ್ಲಿ ಕೊಡಗು, ಚಿಕ್ಕಮಗಳೂರು, ವಯನಾಡಿನ ರೊಬಸ್ಟಾ, ಕರಾವಳಿಯ ಮಳೆಗಾಳಿಯಲ್ಲಿ ಉಬ್ಬಿಸಿದ ಮಾನ್ಸೂನ್ಡ್ ಮಲಬಾರ್ ಸೇರಿಕೊಂಡಿವೆ. ದಪ್ಪ ನೊರೆ, ಮೈ ತುಂಬಿದ ರುಚಿ ಅವುಗಳ ಗುಣ. ಮಧ್ಯಮಕ್ಕಿಂತ ತುಸು ಕಡುವಾಗಿ ಹುರಿದ, ರೊಬಸ್ಟಾ ಸೇರಿದ ಬೀಜದಲ್ಲಿ ಕಲಿಯುವುದು ಸುಲಭ, ಸಣ್ಣಪುಟ್ಟ ತಪ್ಪನ್ನು ಅದು ಮನ್ನಿಸುತ್ತದೆ. ಹಗುರವಾಗಿ ಹುರಿದ ಅರೇಬಿಕಾವನ್ನು ಕೈ ಪಳಗಿದ ಮೇಲೆ ಹಿಡಿಯಿರಿ. ಬಾಳೆಹೊನ್ನೂರಿನಲ್ಲಿ ಬೆಳೆಸಿದ ಎಸ್.795 ತಳಿ ಆ ಹೊತ್ತಿಗೆ ಒಳ್ಳೆಯ ಆಯ್ಕೆ.

ಪೊಟ್ಟಣದ ಮೇಲೆ ಹುರಿದ ದಿನಾಂಕ ಇಲ್ಲದಿದ್ದರೆ ಕೊಳ್ಳಬೇಡಿ. ಹುರಿದ ಮರುದಿನವೇ ಎಳೆದರೆ ಒಳಗಿನ ಅನಿಲದಿಂದ ನೊರೆ ಉಕ್ಕಿ ಶಾಟ್ ಹದಗೆಡುತ್ತದೆ, ಒಂದು ವಾರ ಕಾಯಿರಿ. ಪೊಟ್ಟಣ ಒಡೆದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿಡಿ. ಈ ಊರಿನ ತೇವಕ್ಕೆ ಅದು ಕಡ್ಡಾಯ.

10. ನೀರನ್ನು ಅಳೆಯಿರಿ

ತರಗತಿಯಲ್ಲಿ ಯಾರೂ ಎತ್ತದ, ಚೆನ್ನೈನಲ್ಲಿ ಎಲ್ಲರನ್ನೂ ಕಾಡುವ ವಿಷಯ ಇದು. ಮೆಟ್ರೊ ವಾಟರ್, ಬೋರ್, ಲಾರಿ ನೀರು, ಕ್ಯಾನ್ ನೀರು: ಒಂದೇ ಅಪಾರ್ಟ್‌ಮೆಂಟಿನಲ್ಲಿ ವಾರಕ್ಕೊಂದು ಥರ. ಬೋರ್ ನೀರಿನ ಗಡಸು ಬಾಯ್ಲರಿನಲ್ಲಿ ಬಿಳಿ ಪದರ ಕಟ್ಟಿ ಮಶೀನನ್ನು ಕೊಲ್ಲುತ್ತದೆ. ಪೂರ್ತಿ ಆರ್‌ಒ ನೀರಿನಲ್ಲಿ ಖನಿಜವೇ ಇಲ್ಲದೆ ಕಾಫಿ ಸಪ್ಪೆಯಾಗುತ್ತದೆ. ಸ್ಪೆಷಾಲಿಟಿ ಕಾಫಿ ಸಂಘದ ಮಾನದಂಡದಲ್ಲಿ ಕರಗಿದ ಲವಣಾಂಶ ಲೀಟರಿಗೆ 150 ಮಿಲಿಗ್ರಾಂ ಸುತ್ತ ಇದ್ದರೆ ಚೆನ್ನ, 75ರಿಂದ 250ರವರೆಗೆ ನಡೆಯುತ್ತದೆ. ಅದನ್ನು ಅಳೆಯುವ ಟಿಡಿಎಸ್ ಪೆನ್ನು ಅಗ್ಗಕ್ಕೆ ಸಿಗುತ್ತದೆ. ತರಗತಿಗೆ ನಿಮ್ಮ ಮನೆಯ ನೀರು ಒಂದು ಬಾಟಲಿ ಒಯ್ಯಿರಿ, ಅದನ್ನೂ ಅಲ್ಲಿಯ ನೀರನ್ನೂ ಒಟ್ಟಿಗೆ ಅಳೆದು ನೋಡಿ.

11. ಹಾಲು ಬೇರೆಯದೇ ಪಾಠ

ಶಾಟ್ ಹದಕ್ಕೆ ಬರುವ ಮೊದಲು ಹಾಲಿಗೆ ಕೈ ಹಾಕಬೇಡಿ. ಕಲಿಯುವಾಗ, ಉಗಿನಳಿಗೆಯ ತುದಿ ಹಾಲಿನ ಮೇಲ್ಮೈ ಬಳಿ ಇರುವ ಮೊದಲ ಕೆಲವು ಸೆಕೆಂಡುಗಳ ಸದ್ದನ್ನು ಗಮನಿಸಿ: ಕಾಗದವನ್ನು ಮೆಲ್ಲಗೆ ಹರಿದ ಹಾಗೆ ಕೇಳಬೇಕು. ಆಮೇಲೆ ತುದಿಯನ್ನು ಸ್ವಲ್ಪ ಒಳಗಿಳಿಸಿ ಹಾಲು ಸುಳಿಯಾಗಿ ತಿರುಗುವಂತೆ ಮಾಡಿ, 60 ಡಿಗ್ರಿ ಸೆಲ್ಸಿಯಸ್ ಸುತ್ತ ನಿಲ್ಲಿಸಿ. ಕುದಿವ ಹಾಲಿನ ಕಾಫಿಗೆ ಒಗ್ಗಿದ ನಮಗೆ ಅದು ತಣ್ಣಗೆನಿಸಬಹುದು, ಆದರೆ ಸಿಹಿ ಇರುವುದು ಅಲ್ಲೇ. ಆವಿನ್ ನೀಲಿ ಪ್ಯಾಕೆಟ್ಟಿನಲ್ಲಿ ಶೇಕಡ 3 ಕೊಬ್ಬು, ಕಿತ್ತಳೆಯಲ್ಲಿ 6. ಎರಡನ್ನೂ ತಂದು ಹೋಲಿಸಿ ನೋಡಿ. ಮನೆಯಲ್ಲಿ ಅಭ್ಯಾಸಕ್ಕೆ ಹಾಲು ಹಾಳು ಮಾಡುವುದು ಬೇಡ. ತಣ್ಣೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿದರೆ ಸುಳಿ, ನೊರೆ ಎರಡೂ ಹಾಲಿನಂತೆಯೇ ಬರುತ್ತವೆ.

12. ಒಂದು ಸಲ ಬೆಂಗಳೂರಿಗೆ ಹೋಗಿಬನ್ನಿ

ಎಗ್ಮೋರ್‌ನಿಂದ ಒಂದೇ ಮೆಟ್ರೊ ನಿಲ್ದಾಣ ದಾಟಿದರೆ ಸೆಂಟ್ರಲ್, ಅಲ್ಲಿಂದ ಬೆಳಗಿನ ರೈಲು. ಬೆಂಗಳೂರಿನ ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದಲ್ಲಿ ವಿಧಾನಸೌಧ ನಿಲ್ದಾಣಕ್ಕೆ ಬಂದರೆ ಅಂಬೇಡ್ಕರ್ ವೀಧಿಯಲ್ಲೇ ಕಾಫಿ ಮಂಡಳಿಯ ಕಚೇರಿ. ಮಂಡಳಿ ನಡೆಸುವ ‘ಕಾಪಿ ಶಾಸ್ತ್ರ’ ಎಂಬ ಅಲ್ಪಾವಧಿ ತರಬೇತಿ ಹುರಿಯುವುದು, ಬೆರೆಸುವುದು, ಕಾಫಿ ಇಳಿಸುವುದು ಇವುಗಳ ಸುತ್ತ. ಮುಂದಿನ ತಂಡ ಯಾವಾಗ ಎಂದು ಮೊದಲೇ ವಿಚಾರಿಸಿ ಹೊರಡಿ. ಎಸ್ಪ್ರೆಸೊ ಕಲಿಯುವವರು ಇಷ್ಟು ದೂರ ಹೋಗಬೇಕೇ ಎಂದು ಕೇಳಬಹುದು. ಹೋಗಬೇಕು ಎಂದೇ ನನ್ನ ಉತ್ತರ. ಹುರಿದ ಬಣ್ಣ ಒಂದು ಛಾಯೆ ಬದಲಾದರೆ ಕಪ್ಪಿನಲ್ಲಿ ಏನಾಗುತ್ತದೆ ಎಂದು ಒಮ್ಮೆ ಮೂಗಿಗೂ ನಾಲಗೆಗೂ ಗೊತ್ತಾದರೆ, ಮನೆಯಲ್ಲಿ ಶಾಟ್ ಕೆಟ್ಟಾಗ ತಪ್ಪು ಬೀಜದ್ದೋ ಕೈಯದ್ದೋ ಎಂದು ಹೇಳಬಲ್ಲಿರಿ.

ಕಾಫಿ ಮಂಡಳಿಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥರಾಗಿದ್ದು, ಆಮೇಲೆ ಬೆಂಗಳೂರಿನಲ್ಲಿ ಕಾಫಿಲ್ಯಾಬ್ ಕಟ್ಟಿದ ಸುನಾಲಿನಿ ಮೆನನ್ ಅವರ ಹೆಸರು ಜಗತ್ತಿಗೆ ಗೊತ್ತಾದದ್ದು ರುಚಿ ನೋಡುವ ವಿದ್ಯೆಯಿಂದ. ಕಾಫಿಯಲ್ಲಿ ಕೈಗೆ ದಾರಿ ತೋರಿಸುವುದು ನಾಲಗೆಯೇ. ರುಚಿ ನೋಡುವ ತರಗತಿ ಎಲ್ಲಿ ಸಿಕ್ಕಿದರೂ ಬಿಡಬೇಡಿ.

13. ಸರ್ಟಿಫಿಕೇಟ್ ಬೇಕೇ?

ಕೆಫೆ ತೆರೆಯುವ ಯೋಚನೆಯಿಲ್ಲದಿದ್ದರೆ ಬೇಡ. ಸ್ಪೆಷಾಲಿಟಿ ಕಾಫಿ ಸಂಘದ ಬರಿಸ್ತಾ ಸ್ಕಿಲ್ಸ್ ಕೋರ್ಸಿಗೆ ಫೌಂಡೇಶನ್, ಇಂಟರ್‌ಮೀಡಿಯೆಟ್, ಪ್ರೊಫೆಶನಲ್ ಎಂದು ಮೂರು ಹಂತ. ವ್ಯವಸ್ಥಿತವಾಗಿ ಕಲಿಯುವ ಆಸೆಯಿದ್ದವರಿಗೆ ಮೊದಲ ಹಂತ ಸಾಕು, ಅದಕ್ಕೆ ಮುಂಚೆ ಬೇರೇನೂ ಓದಿರಬೇಕಿಲ್ಲ. ಕಲಿಸುವವರು ಸಂಘದ ಅಧಿಕೃತ ತರಬೇತುದಾರರೇ ಎಂದು ಖಚಿತಪಡಿಸಿಕೊಂಡೇ ಹಣ ಕಟ್ಟಿ.

14. ಎರಡನೇ ಪಾಠಕ್ಕೆ ನಿಮ್ಮದೇ ಸಾಮಾನು ಒಯ್ಯಿರಿ

ಮೊದಲ ತರಗತಿಯ ದಿನವೇ, ತಿಂಗಳ ನಂತರದ ಇನ್ನೊಂದು ಗಂಟೆಯನ್ನು ಮಾತಾಡಿಕೊಂಡು ಬನ್ನಿ. ನಡುವಿನ ದಿನಗಳಲ್ಲಿ ಪುಡಿಯ ತೂಕ, ಕಾಫಿಯ ತೂಕ, ಸೆಕೆಂಡು, ರುಚಿ ಈ ನಾಲ್ಕನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ರುಚಿಗೆ ಹುಳಿ, ಕಹಿ, ಸಪ್ಪೆ, ಒಗರು ಎಂಬ ಮನೆಯ ಪದಗಳೇ ಸಾಕು. ಮಲ್ಲಿಗೆ, ಚೆರ‍್ರಿ ಎಂದು ಹುಡುಕುವುದು ಬೇಡ. ಮರಳಿ ಹೋಗುವಾಗ ನಿಮ್ಮ ಬೀಜ, ಗ್ರೈಂಡರ್, ಪೋರ್ಟಾಫಿಲ್ಟರ್, ಆ ನೋಟ್‌ಬುಕ್ ಎಲ್ಲವೂ ಜೊತೆಗಿರಲಿ. ಮಶೀನು ಚಿಕ್ಕದಾಗಿದ್ದರೆ ಅದನ್ನೂ ಆಟೋದಲ್ಲಿಟ್ಟುಕೊಂಡು ಹೋಗಿ. ಅಥವಾ ಗುರುಗಳನ್ನೇ ಮನೆಗೆ ಕರೆಯಿರಿ: ಅಡುಗೆಮನೆಯ ಕಟ್ಟೆಯ ಎತ್ತರ, ಪ್ಲಗ್ಗಿನ ಜಾಗ, ಕ್ಯಾನಿನ ನೀರು ಎಲ್ಲವನ್ನೂ ಅವರು ಕಣ್ಣಾರೆ ನೋಡಲಿ, ನೀವು ಎಂದಿನಂತೆ ಒಂದು ಶಾಟ್ ಎಳೆಯಿರಿ. “ನಡುವೆ ಮಾತಾಡದೆ ಪೂರ್ತಿ ನೋಡಿ ಕೊನೆಗೆ ಹೇಳಿ” ಎಂದು ಅವರನ್ನು ಮೊದಲೇ ಕೇಳಿಕೊಳ್ಳಿ.